ಕ್ಲಾಪ್ ಬೋರ್ಡ್ ಮೇಲಿನ ಹೆಸರು

ಕಾಲೇಜಿನಲ್ಲಿ ಕೆಮಿಸ್ಟ್ರಿ ಅವಳ ಮುಖ್ಯ ವಿಷಯ, ಸಿನಿಮಾ ತಯಾರಿಕೆ ಮೈನರ್, ಅಂದರೆ ಉಪವಿಷಯ. ಸಿನಿಮಾ ವಿಭಾಗದಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. 'ಏಯ್ ಮೈನರ್, ಆ ಸ್ಟ್ಯಾಂಡ್ ತಗೊಂಬಾ' ಅಂದರೆ ಮುಗಿಯಿತು. ಮೈನರ್‌ಗಳ ಕೈಗೆ ಕ್ಯಾಮೆರಾ ಕೊಡಕೂಡದು ಅನ್ನುವುದು ಅಲ್ಲಿನ ಕಟ್ಟಳೆ.

ಹಾಗಾಗಿ ಅವಳು ತನ್ನ ಅತ್ತೆಯ ಲಾಂಡ್ರಿ ಬಗ್ಗೆ ಸಿನಿಮಾ ಮಾಡಹೊರಟಾಗ, ವಿಭಾಗದ ಮೇಡಂ ಸಿನಿಮಾವನ್ನೇ ಮುಖ್ಯ ವಿಷಯವಾಗಿ ಓದುವ ಹುಡುಗನೊಬ್ಬನನ್ನು ಅವಳಿಗೆ ಗಂಟು ಹಾಕಿದರು. ಒಳಾಂಗಣದಲ್ಲೂ ಕಪ್ಪು ಕನ್ನಡಕ ತೆಗೆಯದ ಅವನಿಗೆ ಹೀರೋ ಅಂತಲೇ ಹೆಸರು. ಕ್ಯಾಮೆರಾ ಅವನ ಹೆಸರಲ್ಲಿ ಹೊರಗೆ ಬರಬೇಕಲ್ಲ, ಕ್ಲಾಪ್ ಬೋರ್ಡ್ ಮೇಲೂ ನಿರ್ದೇಶಕ ಅಂತ ಅವನದೇ ಬರಿ, ಅದೆಲ್ಲ ಬರೀ ನೆಪಕ್ಕೆ ಅಂದರು ಮೇಡಂ. ಅವಳು ನಂಬಿದಳು. ಪ್ರತಿ ಶಾಟಿಗೂ ತಾನೇ ಅವನ ಹೆಸರು ಬರೆದು, ತಾನೇ ಬೋರ್ಡ್ ಹಿಡಿದು ಟಪ್ಪೆನ್ನಿಸಿದಳು.

ಲಾಂಡ್ರಿ ಇದ್ದದ್ದು ನೆಲಮಾಳಿಗೆಯಲ್ಲಿ. ಆವಿ ತಗಲಿ ತಗಲಿ ಅತ್ತೆಯ ಮುಂಗೈ ಕಪ್ಪಿಟ್ಟಿತ್ತು. ಯಾರಿಗೂ ತೋರಿಸದ ಆ ಕೈಯನ್ನು, ಅಣ್ಣನ ಮಗಳು ಕೇಳಿದಳೆಂದು ಅಂಗಿ ತೋಳು ಮಡಚಿ ತೋರಿಸಿದರು. ಹೀರೋ ಸೆಕೆ ಸೆಕೆ ಅಂತ ಗೊಣಗುತ್ತ ಹೇಳಿದ ಕಡೆ ಕ್ಯಾಮೆರಾ ತಿರುಗಿಸಿದ, ಅಷ್ಟೇ.

ಎಡಿಟಿಂಗ್ ಕೂಡ ಅವಳೇ ಮಾಡಿದಳು. ಕಾಲೇಜಿನ ಸಿನಿಮಾ ಪ್ರದರ್ಶನದ ಹಿಂದಿನ ದಿನ ಗೋಡೆಗೆ ಪೋಸ್ಟರ್ ಬಿತ್ತು. ನಿರ್ದೇಶನ ಹೀರೋನದು. ಅವಳು ಎಲ್ಲೋ ಕೆಳಗೆ, 'ಸಹಾಯ'.

ಹೀರೋನನ್ನು ಹಿಡಿದು ಕೇಳಿದಳು. ತಾನೇನೂ ಕೇಳಿಲ್ಲ, ಅವರಾಗೇ ಹಾಕಿದ್ದು ಅಂದ. ತೆಗೆಸುತ್ತೇನೆ ಅಂತ ಮಾತ್ರ ಬಾಯಿಬಿಡಲಿಲ್ಲ. ಅಲ್ಲಿಂದ ಮೇಡಂ ಹತ್ತಿರ ಹೋದಳು. ಅವರು ಶಾಟ್ ಒಂದನ್ನು ತೆರೆದು ಬೋರ್ಡ್ ತೋರಿಸಿದರು.

"ಇದು ನಿನ್ನದೇ ಅಕ್ಷರ ತಾನೇ? ನಾಳೆ ಲ್ಯಾಬಿನಲ್ಲಿ ಕೆಲಸ ಮಾಡೋಳು, ನಿನಗ್ಯಾಕಮ್ಮ ಈ ಉಸಾಬರಿ? ಅವನಿಗಾದ್ರೆ ಇದು ಹೊಟ್ಟೆಪಾಡು."

ಅವಳು ನೆಟ್ಟಗೆ ಎಡಿಟಿಂಗ್ ಕೋಣೆಗೆ ಹೋದಳು. ಬೋರ್ಡ್ ಬಡಿಯುವ ಮೊದಲಿನ, ಕಟ್ ಅಂದ ಮೇಲಿನ ಮಾತುಗಳನ್ನು ಕತ್ತರಿಸಿ ಬಿಸಾಡುವುದು ಪದ್ಧತಿ. ಅವಳೂ ಬಿಸಾಡಿದ್ದಳು. ಈಗ ಒಂದೂ ಬಿಡದೆ ಎಲ್ಲವನ್ನೂ ವಾಪಸ್ ಸೇರಿಸಿದಳು.

ಮರುದಿನ ಸಭಾಂಗಣ ತುಂಬಿತ್ತು. ಪರದೆ ಮೇಲೆ ಹೀರೋನ ಹೆಸರು ಬಂದಾಗ ಚಪ್ಪಾಳೆ ಬಿತ್ತು. ಹಿಂದೆಯೇ ಅವಳ ದನಿ: ಮುಖ ಬೇಡ, ಮೊದಲು ಯಂತ್ರ ಹಿಡಿ, ನಿಧಾನ, ಅತ್ತೆ ನೀವು ನಿಮ್ಮ ಪಾಡಿಗೆ ಕೆಲಸ ಮಾಡಿ. ಅದರ ಮೇಲೆ ಹೀರೋನ ದನಿ: "ಈ ಕೆಂಪು ದೀಪ ಹತ್ತಿದ್ರೆ ಆನಾ, ಆಫಾ?"

ಸಭೆ ಘೊಳ್ಳೆಂದಿತು. ಮುಂದಿನ ಶಾಟಿನಲ್ಲೂ ಅದೇ ಕಥೆ. ಅಷ್ಟರಲ್ಲಿ ಮೇಡಂ ಸಿನಿಮಾ ನಿಲ್ಲಿಸಿ ದೀಪ ಹಾಕಿಸಿದರು. ಅವಳ ಸಾಲಿಗೆ ಬಂದು, ಈಗಿಂದೀಗಲೇ ಆ ಮಾತೆಲ್ಲ ತೆಗೆ ಅಂದರು.

"ನಿರ್ದೇಶಕರಿಗೆ ಹೇಳಿ ಮೇಡಂ. ನಾನು ಬರೀ ಸಹಾಯ."

ಎಲ್ಲರೂ ಹೀರೋ ಕಡೆ ತಿರುಗಿದರು. ಅವನು ಕನ್ನಡಕ ಒರೆಸತೊಡಗಿದ. ಅವಳ ಪಕ್ಕದಲ್ಲಿದ್ದ ಅತ್ತೆ, ಈಗಷ್ಟೇ ಶುರುವಾಗಿದ್ದು ಯಾಕೆ ನಿಂತಿತು ಅಂತ ಪಿಸುಗುಟ್ಟಿದರು.

"ಪೂರ್ತಿ ನೋಡೋಣ, ಕೂತಿರಿ ಅತ್ತೆ" ಅಂದು ಅವಳು ಎದ್ದು, ಮೇಡಂ ಮುಂದೆಯೇ ಹಾದು, ಪ್ರೊಜೆಕ್ಟರ್ ಕಡೆ ನಡೆದಳು.