ಇನ್ನೂ ಜೋರಾಗಿ ಬೈಯಿರಿ, ಭಾವ

"ಬಾಯಿ ಮುಚ್ಕೊಂಡು ಕೂತ್ಕೊಳೋ! ಎಂಟನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದು ಬಂದವನಿಗೆ ಲೀಸು ಅಂದ್ರೆ ಏನು ಗೊತ್ತು, ಲೈಸೆನ್ಸು ಅಂದ್ರೆ ಏನು ಗೊತ್ತು?"

ಭಾವ ಗಾಜಿನ ಮೇಜಿನ ಮೇಲೆ ಅಂಗೈ ಬಡಿದ. ಸೇಲ್ಸಿನವನ ಪೆನ್ನು ಅರ್ಧಕ್ಕೇ ನಿಂತಿತು. ಪಕ್ಕದ ಮೇಜಿನಲ್ಲಿ ಕಾರಿನ ಬಣ್ಣ ಆರಿಸುತ್ತಿದ್ದ ಗಂಡ ಹೆಂಡತಿ ನನ್ನನ್ನು ನೋಡಿ, ನೋಡಬಾರದಿತ್ತು ಎಂಬಂತೆ ಮತ್ತೆ ಬಣ್ಣಗಳೊಳಗೆ ಮುಖ ಹುದುಗಿಸಿದರು. ರಿಸೆಪ್ಷನ್ ಹುಡುಗಿ ಫೋನಿನಲ್ಲಿದ್ದವರಿಗೆ "ಒಂದ್ನಿಮಿಷ ಇರಿ" ಅಂದಳು, ನಮ್ಮ ತಮಾಷೆ ನೋಡಲಿಕ್ಕೆ.

"ಹೆಂಡತಿ ತಮ್ಮ ಅಂತ ಮನೇಲಿ ಒಂದು ಮೂಲೆ, ಒಂದು ಚಾಪೆ ಕೊಟ್ಟಿದ್ದೀನಿ. ಅದನ್ನೇ ಸಿಂಹಾಸನ ಅಂದ್ಕೊಂಡಿದ್ದಾನೆ," ಎಂದು ಭಾವ ಸೇಲ್ಸಿನವನ ಕಡೆ ತಿರುಗಿದ. "ಇವನ ಮಾತು ಬಿಡಿ ಸಾರ್. ನಾವು ದೊಡ್ಡವರು ಮಾತಾಡೋಣ."

ನಾನು ಕುರ್ಚಿಯನ್ನು ಕಿರ್ರೆನ್ನುವಂತೆ ಹಿಂದಕ್ಕೆ ತಳ್ಳಿ ಎದ್ದೆ. ಹೊಳೆಯುವ ನೆಲದ ಮೇಲೆ, ಹೊಳೆಯುವ ಕಾರುಗಳ ನಡುವೆ ದಪದಪ ಹೆಜ್ಜೆ ಹಾಕಿ ಗಾಜಿನ ಬಾಗಿಲು ದಾಟಿ ಹೊರಬಂದೆ. ರಸ್ತೆಯ ಆಚೆ ಬದಿ ತಲುಪುವ ಹೊತ್ತಿಗೆ ನನಗೆ ನಗು ತಡೆಯಲು ಆಗುತ್ತಿರಲಿಲ್ಲ.

ಯಾಕೆಂದರೆ ಆ ಬೈಗುಳ ಭಾವನ ಬಾಯಿಗೆ ಹಾಕಿದವನು ನಾನೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎದುರಿಗೆ ನಾನು ಭಾವನಿಗೆ ಯಾವತ್ತೂ ಬಹುವಚನವನ್ನೇ ಕೊಟ್ಟವನು. ಇಲ್ಲಿ ಕೊಡುವುದಿಲ್ಲ. ಅಷ್ಟಾದರೂ ನನ್ನ ಕೈಯಲ್ಲಿದೆ.

ನನ್ನ ಕೆಲಸ ಇದ್ದದ್ದು ದೊಡ್ಡ ಹೋಟೆಲೊಂದರ ಬಾಗಿಲಲ್ಲಿ. ಕಾರಿನಲ್ಲಿ ಬಂದವರು ಇಳಿದು ಕೀಲಿ ಎಸೆಯುತ್ತಾರೆ. ನಾನು ಹಿಡಿದು, ಗಾಡಿಯನ್ನು ನೆಲಮಾಳಿಗೆಗೆ ಇಳಿಸಿ ನಿಲ್ಲಿಸಿ ಬರುತ್ತೇನೆ. ಎಂಥೆಂಥ ಗಾಡಿಗಳ ಸ್ಟೀರಿಂಗ್ ಹಿಡಿದಿದ್ದೇನೆ ಗೊತ್ತೇ? ಬಾಗಿಲು ಎಳೆದುಕೊಂಡರೆ ಹೊರಗಿನ ಲೋಕದ ಬಾಯಿಯನ್ನೇ ಯಾರೋ ಮುಚ್ಚಿದ ಹಾಗೆ. ಆದರೆ ಓಡಿಸಿದ್ದೆಲ್ಲ ಬಾಗಿಲಿನಿಂದ ನೆಲಮಾಳಿಗೆಗೆ. ಒಂದು ತಿರುವು, ಒಂದು ಇಳಿಜಾರು, ಮುಗಿಯಿತು. ಅಷ್ಟು ದೊಡ್ಡ ಎಂಜಿನ್ನು ಗಂಟಲು ಸರಿ ಮಾಡಿಕೊಳ್ಳುವುದರೊಳಗೆ ಆರಿಸಿಬಿಡಬೇಕು. ಹಸಿದವನನ್ನು ಅಡುಗೆಮನೆಯಲ್ಲಿ ತಟ್ಟೆ ತೊಳೆಯಲು ನಿಲ್ಲಿಸಿದ ಹಾಗಿತ್ತು ನನ್ನ ಬಾಳು.

ಒಂದು ದಿನ ಹೋಟೆಲಿನ ಮ್ಯಾನೇಜರು ನಾನು ಗಾಡಿ ತಿರುಗಿಸುವುದನ್ನೇ ನೋಡುತ್ತ ನಿಂತಿದ್ದರು. "ನಿನ್ನ ಕೈ ಮೆತ್ತಗಿದೆ ಕಣೋ. ನಿಂದೇ ಒಂದು ಒಳ್ಳೇ ಗಾಡಿ ಇದ್ದಿದ್ರೆ, ಏರ್‌ಪೋರ್ಟಿಂದ ನಮ್ಮ ಗೆಸ್ಟುಗಳನ್ನ ಕರ್ಕೊಂಡು ಬರೋ ಕೆಲಸ ನಿನಗೇ ಕೊಡ್ತಿದ್ದೆ," ಎಂದರು. ಅವರು ಸುಮ್ಮನೆ ಅಂದರೋ ಏನೋ. ನಾನು ಸುಮ್ಮನೆ ಕೇಳಿಸಿಕೊಳ್ಳಲಿಲ್ಲ.

ಅಂಥ ಗಾಡಿ ಕೊಳ್ಳುವುದು ಕನಸಿನಲ್ಲೂ ಆಗದ ಮಾತು. ಲೀಸಿಗೆ ಸಿಗುತ್ತದೆ. ಗಾಡಿ ಅವರದ್ದೇ, ನಾವು ತಿಂಗಳು ತಿಂಗಳು ಕಟ್ಟಿ, ಮೂರು ವರ್ಷ ಓಡಿಸಿ, ವಾಪಸು ಕೊಡುವುದು. ಆದರೆ ಕಾರು ನಿಲ್ಲಿಸುವವನೊಬ್ಬನ ಹೆಸರಿಗೆ ಯಾರು ಕೊಡುತ್ತಾರೆ? ನನ್ನನ್ನು ಯಾವ ಬ್ಯಾಂಕೂ ಗುರುತು ಹಿಡಿಯುವುದಿಲ್ಲ. ಭಾವನಿಗೆ ಪರದೆ ಬಟ್ಟೆಯ ಅಂಗಡಿಯಿದೆ, ಬೋರ್ಡಿದೆ, ತೆರಿಗೆ ಕಟ್ಟಿದ ಕಾಗದಗಳಿವೆ.

"ಇಬ್ಬರ ಹೆಸರಲ್ಲೂ ತಗೊಳ್ಳೋಣ ಭಾವ. ಕಾಗದ ನಿಮ್ಮದು, ದುಡಿಮೆ ನಂದು, ಬಂದದ್ದರಲ್ಲಿ ಅರ್ಧ ಅರ್ಧ," ಎಂದೆ.

ಭಾವ ನನ್ನ ಬೆನ್ನು ತಟ್ಟಿದ. "ನಮ್ಮನೆ ಹುಡುಗ ಮಾಲೀಕ ಆಗ್ತಾನೆ ಅಂದ್ರೆ ನನಗಿಂತ ಇನ್ಯಾರಿಗೋ ಖುಷಿ?"

ಮ್ಯಾನೇಜರನ್ನು ತಾನೂ ನೋಡಬೇಕೆಂದ. ನಾನೇ ಕರೆದುಕೊಂಡು ಹೋಗಿ ಕೈ ಕುಲುಕಿಸಿದೆ. ಮ್ಯಾನೇಜರ ಫೋನ್ ನಂಬರು ಕೇಳಿ ಬರೆದುಕೊಂಡ. ಹೊರಗೆ ಬಂದ ಮೇಲೆ ನನ್ನ ಸಮವಸ್ತ್ರ ನೋಡಿ ಮೂಗು ಮುರಿದ. "ಮಾಲೀಕ ಆಗೋನು ಇನ್ನೂ ಟೋಪಿ ಹಾಕ್ಕೊಂಡು ಬಾಗಿಲಲ್ಲಿ ಸಲಾಂ ಹೊಡೀತಾ ನಿಲ್ಲೋದಾ? ಬಿಟ್ಟಾಕು ಅತ್ಲಾಗೆ." ನಾನು ಕೆಲಸ ಬಿಟ್ಟೆ. ಹೋಟೆಲಿನ ಟೋಪಿ ವಾಪಸು ಕೊಟ್ಟೆ. ಭಾವ ನನ್ನ ಅಳತೆಗೆ ಸರಿಯಾಗಿ ಇನ್ನೊಂದು ಟೋಪಿ ಹೊಲಿಯುತ್ತಿದ್ದಾನೆಂದು ನನಗೇನು ಗೊತ್ತು?

ಶೋರೂಮಿನಲ್ಲಿ ಮಾತುಕತೆ ಎರಡು ಕಡೆ ಸಿಕ್ಕಿಕೊಂಡಿತ್ತು. ಒಂದು, ಮುಂಗಡ. ಇನ್ನೊಂದು, ಕಿಲೋಮೀಟರಿನ ಮಿತಿ. ಲೀಸಿನ ಗಾಡಿಯನ್ನು ವರ್ಷಕ್ಕೆ ಇಷ್ಟೇ ಓಡಿಸಬೇಕು, ಮೀರಿದರೆ ದಂಡ. ಮನೆಯ ಮುಂದೆ ನಿಲ್ಲಿಸಿಕೊಂಡು ಮೆರೆಯುವವರಿಗೆ ಅದು ಲೆಕ್ಕಕ್ಕಿಲ್ಲ. ಬಾಡಿಗೆಗೆ ಓಡಿಸುವವನಿಗೆ ಕತ್ತಿನ ಹಗ್ಗ. ಸೇಲ್ಸಿನವನು ಎರಡಕ್ಕೂ ಸೊಪ್ಪು ಹಾಕಿರಲಿಲ್ಲ. ನಗುನಗುತ್ತ ಕಾಫಿ ಕೊಟ್ಟು ಕಳಿಸಿದ್ದ.

ಆಗ ನಾನು ಈ ಆಟ ಕಟ್ಟಿದೆ.

"ನಾನು ಗಾಡಿಗೆ ಕೊಂಕು ತೆಗೀತಾ ಇರ್ತೀನಿ. ನೀವು ಎಲ್ಲರೆದುರಿಗೆ ನನ್ನನ್ನ ಬೈಯಿರಿ. ನಾನು ಎದ್ದು ಹೋಗ್ತೀನಿ. ಇಬ್ಬರ ಹೆಸರಿನ ಲೀಸು, ಒಬ್ಬ ಎದ್ದು ಹೋದ ಅಂದ್ರೆ ಅವನ ಎದೆ ಧಸಕ್ ಅನ್ನತ್ತೆ. ಆಗ ನೀವು ಮೆಲ್ಲಗೆ, ಅವನನ್ನ ವಾಪಸು ಕರ್ಕೊಂಡು ಬರ್ಬೇಕಾದ್ರೆ ಏನಾದ್ರೂ ಮಾಡಿ ಸಾರ್ ಅನ್ನಿ. ಅವನು ಬಗ್ಗಿದ ತಕ್ಷಣ ಒಂದು ಮಿಸ್ಡ್ ಕಾಲ್ ಕೊಡಿ. ನಾನು ಮುಖ ಊದಿಸ್ಕೊಂಡೇ ಬಂದು ಸಹಿ ಹಾಕ್ತೀನಿ."

"ಅವರು ನಿನ್ನ ಹಿಂದೇನೇ ಓಡಿ ಬಂದ್ರೆ?" ಎಂದು ಅಕ್ಕ ಕೇಳಿದಳು.

"ಓಡಿ ಬಂದ್ರೂ ತಿರುಗಿ ನೋಡ್ಬಾರ್ದು ಅಕ್ಕ. ತಿರುಗಿದ್ರೆ ರೇಟು ಏರತ್ತೆ."

ಮುನ್ನಾದಿನ ರಾತ್ರಿ ಊಟದ ಮೇಜಿನಲ್ಲೇ ಅಭ್ಯಾಸ ನಡೆಯಿತು. ಅಕ್ಕ ಭಾವನ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಸೌಟನ್ನು ಪೆನ್ನಿನ ಹಾಗೆ ಹಿಡಿದು ಸೇಲ್ಸಿನವನಾದಳು. ಭಾವನಿಗೆ ಬೈಯಲು ಬಾಯೇ ಬರಲಿಲ್ಲ. "ಸ್ವಲ್ಪ ಸುಮ್ನಿರಪ್ಪಾ," ಅಂದ.

"ಏನ್ ಭಾವ, ಗಿರಾಕಿಗೆ ಪರದೆ ತೋರಿಸ್ತಿದೀರಾ? ಇನ್ನೂ ಜೋರಾಗಿ ಬೈಯಿರಿ!"

"ಏನಂತ ಬೈಲೋ?"

"ಓದಿಲ್ಲ ಅನ್ನಿ. ಎಂಟನೇ ಕ್ಲಾಸಿಗೇ ಬಿಟ್ಟ ಅನ್ನಿ."

ಬಿಡಿಸಿದವನು ಅವನೇ. ಅಂಗಡಿ ಹೊಸದು, ಏಣಿ ಹಿಡಿಯಲು ಒಬ್ಬ ಬೇಕು, ಒಂದು ವರ್ಷದ ಮಟ್ಟಿಗೆ ಬರಲಿ ಎಂದು ಅಕ್ಕನ ಹತ್ತಿರ ಹೇಳಿಸಿದ್ದ. ಅವನ ಆ ಒಂದು ವರ್ಷ ಮುಗಿಯುವ ಹೊತ್ತಿಗೆ ನನಗೆ ಮೀಸೆ ಬಂದಿತ್ತು. ಆದರೂ ಆ ಮಾತನ್ನು ನಾನೇ ಅವನಿಗೆ ಎತ್ತಿ ಕೊಟ್ಟೆ. ಹಿಡಿದು ಹೊಡೆಯಲಿ ಎಂದು ಕೋಲು ಕೊಟ್ಟ ಹಾಗೆ.

ನಾಲ್ಕಾರು ಸಲ ಆದ ಮೇಲೆ ಭಾವನಿಗೆ ರುಚಿ ಹತ್ತಿತು. ಮೇಜು ಬಡಿದ ರಭಸಕ್ಕೆ ಲೋಟ ಉರುಳಿ ನೀರು ಚೆಲ್ಲಿತು. "ಸಾಕು ಬಿಡ್ರೀ, ನಿಜವಾಗ್ಲೂ ಬೈದ ಹಾಗಿದೆ," ಎಂದು ಅಕ್ಕ ನೀರು ಒರೆಸಿದಳು. ಮೂವರೂ ನಕ್ಕೆವು. ಅಕ್ಕನ ನಗು ನಮ್ಮಿಬ್ಬರಿಗಿಂತ ಮೊದಲೇ ನಿಂತುಬಿಟ್ಟಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ.

ಹಾಗಾಗಿ, ರಸ್ತೆಯಾಚೆ ಜ್ಯೂಸಿನ ಅಂಗಡಿಯ ಪಕ್ಕ ನಿಂತು ಫೋನು ಕೈಯಲ್ಲಿ ಹಿಡಿದಿದ್ದ ನಾನು ಖುಷಿಯಾಗಿಯೇ ಇದ್ದೆ. ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ನನ್ನ ಗುರುತಿನ ಚೀಟಿ, ಹೊಸ ಪೆನ್ನು. ಚಾಪೆಯ ಮಾತು ಮಾತ್ರ ನಾನು ಕಲಿಸಿದ್ದಲ್ಲ. ಅದು ಭಾವನ ಸ್ವಂತದ್ದು. ಅಂಗಡಿಯವನೊಳಗೆ ಎಂಥ ನಟ ಕೂತಿದ್ದಾನಪ್ಪ ಎಂದು ಮೆಚ್ಚಿಕೊಂಡೆ. ನಾಚಿಕೆಗೇಡಿನ ವಿಷಯ, ನಿಜವಾಗಿ ಮೆಚ್ಚಿಕೊಂಡೆ.

ಗಾಜಿನ ಗೋಡೆಯೊಳಗೆ ಎಲ್ಲ ಕಾಣುತ್ತಿತ್ತು. ಸೇಲ್ಸಿನವನು ತಲೆ ಕೆರೆದುಕೊಂಡ, ಒಳಗಿನ ಕೋಣೆಗೆ ಹೋದ, ಬಂದ. ಭಾವ ಕೈ ಅಲ್ಲಾಡಿಸಿದ. ಸೇಲ್ಸಿನವನು ಮತ್ತೆ ಒಳಗೆ ಹೋದ, ಬಂದ. ಭಾವ ನಕ್ಕ, ಅವನೂ ನಕ್ಕ. ಕೈ ಕುಲುಕಿದರು. ಬಗ್ಗಿದ! ನಾನು ಫೋನು ನೋಡಿದೆ. ಅದು ಸುಮ್ಮನಿತ್ತು. ಸಿಗ್ನಲ್ ಇಲ್ಲವೇನೋ ಎಂದು ಎತ್ತಿ ಹಿಡಿದೆ. ಸಿಗ್ನಲ್ ಇತ್ತು.

ಆಗ ಶೋರೂಮಿನ ಮುಂದೆ ಒಂದು ಟ್ಯಾಕ್ಸಿ ನಿಂತಿತು. ಇಳಿದವಳು ಅಕ್ಕ.

ಮನೆಯಲ್ಲಿರಬೇಕಾದವಳು. ಮದುವೆಗೆ ಹೋಗುವವಳ ಹಾಗೆ ಉಟ್ಟು ತೊಟ್ಟಿದ್ದಳು. ಕೂಗಿ ಕರೆಯಬೇಕೆಂದು ಬಾಯಿ ತೆರೆದೆ. ಅವಳು ರಸ್ತೆಯ ಈಚೆ ಬದಿ ಒಮ್ಮೆ ನೋಡಿದಳು. ನನ್ನನ್ನು ಕಂಡಳು. ಕಂಡು, ಕಾಣದವಳ ಹಾಗೆ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ನಾನು ಬಿಟ್ಟು ಬಂದ ಕುರ್ಚಿಯಲ್ಲಿ ಕೂತಳು. ಸೇಲ್ಸಿನವನು ಕಾಗದ ಅವಳ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದ. ಅಕ್ಕ ಬಗ್ಗಿ ಬರೆಯತೊಡಗಿದಳು.

ರಸ್ತೆ ಹೇಗೆ ದಾಟಿದೆನೋ ಗೊತ್ತಿಲ್ಲ. ಯಾವನೋ ಹಾರ್ನ್ ಹೊಡೆದು ಬೈದ. ಬಾಗಿಲು ತಳ್ಳಿ ಒಳಗೆ ಹೋದಾಗ ಸೇಲ್ಸಿನವನು ನನ್ನನ್ನು ನೋಡಿ ಹಲ್ಲು ಕಿರಿದ. "ಬಂದ್ರಾ? ಸಾರ್, ನಿಮ್ಮ ಡ್ರೈವರ್ ಕೋಪ ಇಳೀತು ಅನ್ಸತ್ತೆ."

ಡ್ರೈವರ್.

ಭಾವ ಎದ್ದು ನನ್ನ ಹೆಗಲಿಗೆ ಕೈ ಹಾಕಿದ. "ನಿನ್ನ ಐಡಿಯಾ ಏನ್ ಕೆಲಸ ಮಾಡ್ತು ಅಂತೀಯ! ಮುಂಗಡ ಅರ್ಧಕ್ಕೆ ಇಳಿಸಿದ್ರು. ಕಿಲೋಮೀಟರೂ ಜಾಸ್ತಿ ಮಾಡಿದ್ರು. ಪ್ರದರ್ಶನಕ್ಕಿಟ್ಟ ಗಾಡಿ, ಇವತ್ತೇ ತಗೊಂಡು ಹೋಗಿ ಅಂತಿದ್ದಾರೆ."

"ನನ್ನ ಸಹಿ?"

"ನಿನ್ನ ಹೆಸರು ಸೇರಿದ್ರೆ ತಿಂಗಳ ಕಂತು ಏರತ್ತಂತಪ್ಪ. ಅದಕ್ಕೆ ನಿಮ್ಮಕ್ಕನ ಹೆಸರು ಹಾಕಿದೆ."

"ಇವತ್ತು ಗೊತ್ತಾಯ್ತಾ ಅದು?"

ಸೇಲ್ಸಿನವನು ಪಾಪ, ಸಹಾಯ ಮಾಡುವವನ ಹಾಗೆ ಬಾಯಿ ಹಾಕಿದ. "ಇಲ್ಲ ಸಾರ್, ಮೇಡಮ್ದು ಪೇಪರ್ಸ್ ಹೋದ ವಾರಾನೇ ಕೊಟ್ಟಿದ್ರಲ್ಲ. ಅದಕ್ಕೇ ಇಷ್ಟು ಬೇಗ ಆಗಿದ್ದು."

ಹೋದ ವಾರ. ಅಂದರೆ ಅಕ್ಕ ಕನ್ನಡಕ ಇಳಿಸಿಕೊಂಡು ಸೌಟು ಹಿಡಿದು ನಗುತ್ತಿದ್ದಾಗ ಅವಳ ಹೆಸರು ಆಗಲೇ ಇಲ್ಲಿ ಬಂದು ಕೂತಿತ್ತು. ನನ್ನನ್ನು ಎಬ್ಬಿಸಿ ಕಳಿಸುವುದಷ್ಟೇ ಬಾಕಿ ಇತ್ತು. ಅದನ್ನೂ ನಾನೇ ಸುಲಭ ಮಾಡಿಕೊಟ್ಟಿದ್ದೆ.

"ಅಕ್ಕ," ಎಂದೆ.

ಅವಳು ಪೆನ್ನಿನ ಮುಚ್ಚಳ ಹಾಕುತ್ತಲೇ ಇದ್ದಳು. ಅದು ಕೂರುತ್ತಿರಲಿಲ್ಲ. "ನನ್ನ ಹೆಸರಿದ್ರೇನು, ನಿನ್ನ ಹೆಸರಿದ್ರೇನೋ? ಒಂದೇ ಮನೆ ಅಲ್ವಾ?"

"ಒಂದೇ ಮನೇಲಿ ನನ್ನ ಜಾಗ ಚಾಪೆ ಅಂತೆ. ಆ ಮಾತು ನಾನು ಹೇಳ್ಕೊಟ್ಟಿರಲಿಲ್ಲ ಭಾವ."

"ಇನ್ನೂ ಜೋರಾಗಿ ಬೈಯಿರಿ ಅಂದವನು ನೀನೇ ತಾನೇ?" ಭಾವ ಗೊಳ್ಳೆಂದು ನಕ್ಕ. ಬಣ್ಣ ಆರಿಸುತ್ತಿದ್ದ ಗಂಡ ಹೆಂಡತಿಯೂ ಏನೋ ಮನೆಯ ಜೋಕು ಎಂದುಕೊಂಡು ನಕ್ಕರು. "ಹೋಟೆಲಿನವರ ಹತ್ರ ನಾನೇ ಮಾತಾಡಿದ್ದೀನಿ. ಗಾಡಿ ನೀನೇ ಓಡಿಸು, ತಿಂಗಳಾದ್ರೆ ಸಂಬಳ. ಯಾವನು ಕೊಡ್ತಾನೆ ಹೇಳು ನಿನಗೆ ಇಂಥಾ ಗಾಡಿ?"

ಅಷ್ಟರಲ್ಲಿ ಕಾರಿನ ಮೇಲಿನ ಕೆಂಪು ಬಟ್ಟೆ ಎಳೆದರು. ಗಾಢ ನೀಲಿ. ನಾನು ಆರಿಸಿದ ಬಣ್ಣವೇ. ಭಾವ ಹಿಂದಿನ ಕಿಟಕಿಗೆ ಗೇಣು ಹಾಕಿ ಅಳೆದು, "ಇದಕ್ಕೆ ನಮ್ಮಂಗಡಿ ಪರದೆನೇ ಹಾಕ್ಬಿಡೋಣ," ಎಂದ. ಅಕ್ಕ ಭಾವ ಇಬ್ಬರನ್ನೂ ನಿಲ್ಲಿಸಿ ದೊಡ್ಡ ರಟ್ಟಿನ ಕೀಲಿ ಕೊಟ್ಟು ಫೋಟೊ ತೆಗೆದರು. ಅಕ್ಕ ನಗಲಿಲ್ಲ. "ಮೇಡಮ್, ಸ್ಮೈಲ್," ಎಂದು ಸೇಲ್ಸಿನವನು ಅಂದ ಮೇಲೆ ನಕ್ಕಳು.

ಆಮೇಲೆ ಭಾವ ನಿಜವಾದ ಕೀಲಿಯನ್ನು ನನ್ನ ಕಡೆ ಎಸೆದ. "ಹಿಡಿ. ತೆಗಿ ಗಾಡಿ ಹೊರಗೆ."

ಹಿಡಿದೆ. ಕೀಲಿ ಎಸೆದರೆ ಹಿಡಿಯುವುದು ನನ್ನ ಕೈಗೆ ಅಂಟಿದ ಅಭ್ಯಾಸ, ಅದಕ್ಕೆ ಮಾನ ಮರ್ಯಾದೆ ತಿಳಿಯುವುದಿಲ್ಲ. ಅಂಗೈಯಲ್ಲಿ ಅದು ತಣ್ಣಗೆ, ಭಾರವಾಗಿತ್ತು. ಒಂದೇ ಒಂದು ಸಲ ಒಳಗೆ ಕೂತು, ಬಾಗಿಲು ಎಳೆದುಕೊಂಡು, ಇಳಿಜಾರು ಇಳಿದು ನೆಟ್ಟಗೆ ಹೆದ್ದಾರಿಗೆ ಹೋಗಿಬಿಡಲೇ ಎನ್ನಿಸಿತು. ಮೈಯೆಲ್ಲ ಉರಿಯುತ್ತಿದ್ದಾಗಲೂ ಆ ಆಸೆ ಬಂತಲ್ಲ, ಅದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಕೀಲಿಯನ್ನು ಗಾಜಿನ ಮೇಜಿನ ಮೇಲೆ, ಅಕ್ಕನ ಸಹಿಯ ಪಕ್ಕ ಇಟ್ಟೆ. ಸದ್ದಾಗದ ಹಾಗೆ ಇಟ್ಟೆ. ಈ ಸಲ ಕುರ್ಚಿ ತಳ್ಳಲಿಲ್ಲ, ದಪದಪ ಹೆಜ್ಜೆ ಹಾಕಲಿಲ್ಲ. ಅದೆಲ್ಲ ನಾಟಕಕ್ಕೆ.

"ಲೋ, ಎಲ್ಲೋ ಹೊರಟೆ?" ಭಾವನ ದನಿ. "ಇನ್ನೂ ಆಟ ಆಡ್ತಿದ್ದಾನೆ ನೋಡೆ ನಿನ್ನ ತಮ್ಮ! ಮುಗೀತು ಕಣೋ ಆಟ, ರೇಟು ಆಗ್ಲೇ ಇಳಿದಾಯ್ತು, ಬಾ!"

ಗಾಜಿನ ಬಾಗಿಲು ದಾಟಿದೆ.

"ಊಟಕ್ಕಾದ್ರೂ ಬರ್ತೀಯಾ ಇಲ್ವೇನೋ?" ಅದು ಅಕ್ಕ. ಬಾಗಿಲಿನವರೆಗೆ ಬಂದಿರಬೇಕು. ದನಿ ಹತ್ತಿರದಲ್ಲೇ ಇತ್ತು.

ಮೆಟ್ಟಿಲು ಇಳಿದೆ. ಹಿಂದೆ ಬೂಟಿನ ಸದ್ದು. ಸೇಲ್ಸಿನವನು ಏದುಸಿರು ಬಿಡುತ್ತ ಫುಟ್‌ಪಾತಿನವರೆಗೂ ಓಡಿಬಂದ. ಓಡಿಬಂದರೂ ತಿರುಗಿ ನೋಡಬಾರದು ಎಂದು ಅಕ್ಕನಿಗೆ ಹೇಳಿದ್ದವನು ನಾನೇ.

"ಸಾರ್! ಸಾರ್, ಒಂದ್ನಿಮಿಷ! ಅವರಿಬ್ಬರಿಗೂ ಸ್ಕೂಟರ್ ಬಿಟ್ರೆ ಏನೂ ಓಡಿಸೋಕೆ ಬರಲ್ವಂತೆ. ನಮ್ಮ ಡ್ರೈವರ್ ಇವತ್ತು ರಜ, ಬೇರೆ ಯಾರೂ ಗಾಡಿ ಮುಟ್ಟೋ ಹಾಗಿಲ್ಲ. ಗಾಡಿ ಒಳಗೇ ನಿಂತಿದೆ ಸಾರ್, ಯಾರು ತೆಗೀಬೇಕು?"

ನಾನು ಬಸ್ಸು ನಿಲ್ಲುವ ಕಡೆಗೆ ನಡೆದೆ.