ಬೆನ್ನು ಮುಂದು ಮಾಡಿ

ಮೊದಲ ಗಾಜು ಒಡೆದದ್ದು 'ಬಾ' ಎಂಬ ಒಂದೇ ಅಕ್ಷರಕ್ಕೆ.

ಸೋದರಮಾವ ವರ್ಷಾನುಗಟ್ಟಲೆ ಅದೇ ಕೂಗು ಹಾಕಿ ಗಾಜು ಸಾಗಿಸಿದವನು. ಎಲ್ಲರ ಹಿಂದೆ ನಿಂತು 'ಬಾ' ಎಂದರೆ ಎತ್ತಬೇಕು, ಮತ್ತೆ 'ಬಾ' ಎಂದರೆ ಹೆಜ್ಜೆ ಇಡಬೇಕು. ಅವನ ಸೊಂಟ ಹಿಡಿದುಕೊಂಡ ಮೇಲೆ ಕೂಗುವ ಕೆಲಸ ಅಕ್ಕನ ಮಗಳ ಪಾಲಿಗೆ ಬಂತು. ಅಷ್ಟರಲ್ಲಿ ಹಳೇ ಆಳುಗಳೂ ಬಿಟ್ಟುಹೋಗಿದ್ದರು. ಹೊಸ ನಾಲ್ವರು ಒಬ್ಬೊಬ್ಬರು ಒಂದೊಂದು ದಿಕ್ಕಿನವರು, ಒಂದೊಂದು ಭಾಷೆಯವರು.

"ನಮ್ಮಲ್ಲಿ ಬಾ ಅಂದ್ರೆ ಮೂರು," ಎಂದ ಉದ್ದಣ್ಣ, ಚೂರುಗಳನ್ನು ಗುಡಿಸುತ್ತಾ. "ಒಂದು, ಎರಡು ಎಲ್ಲಿ ಹೋಯ್ತು ಅಂತ ಕಾಯ್ತಾ ನಿಂತೆ."

"ನಮ್ಮಲ್ಲಿ ಎಂಟು," ಎಂದ ಪೈಲ್ವಾನ. "ನನಗೆ ಇನ್ನೂ ಪುರುಸೊತ್ತಿತ್ತು."

"ನಮ್ಮೂರಲ್ಲಿ ಅದನ್ನ ಕುರಿಗಳು ಮಾತ್ರ ಅನ್ನೋದು," ಎಂದ ಗಿಡ್ಡಣ್ಣ.

"ಇಲ್ಲಿ ಏನರ್ಥ ಅಂತ ಮೊದಲೇ ಹೇಳಿರಲಿಲ್ವಾ?" ಎಂದಳು ಅವಳು.

"ಹೇಳಿದ್ರಿ ಅಕ್ಕ," ಎಂದ ನಾಲ್ಕನೆಯವನು, ಎಲ್ಲರಿಗಿಂತ ಹೊಸಬ. " ಕೈ ಖಾಲಿ ಇದ್ದಾಗ ಎಲ್ಲಾ ನೆನಪಿರುತ್ತೆ. ಭಾರ ಬಿತ್ತು ಅಂದ್ರೆ ಕಿವಿ ಊರಿಗೆ ಓಡಿಹೋಗುತ್ತೆ."

ಮಾವ ಮೂಲೆಯ ಸ್ಟೂಲಿನಿಂದ ಗುಡುಗಿದ. "ಮುಂದೆ ಬೇಕರಿಗೆ ಹಾಕಬೇಕಾದ ಗಾಜು ಇದಕ್ಕಿಂತ ದೊಡ್ಡದು. ಅದೂ ಹೋಯ್ತೋ, ಬಾಗಿಲಿಗೆ ಬೀಗ ಜಡಿದು ಮನೇಲಿ ಕೂತ್ಕೋತೀನಿ. ನೀನು ಬೇರೆ ಕೆಲಸ ನೋಡ್ಕೋ."

ಅವಳಿಗೆ ಬೇರೆ ಕೆಲಸ ಬೇಕಿರಲಿಲ್ಲ. ವಜ್ರದ ಮೊನೆ ಗಾಜಿನ ಮೇಲೆ ಗೀರುವ ಸದ್ದು ಕೇಳಿದರೆ ಅವಳ ಹಸಿವು ಕೂಡ ಸುಮ್ಮನಾಗುತ್ತಿತ್ತು.

ಬೇರೆ ಕೂಗು ಹುಡುಕಿದಳು. ಒಂದನ್ನು ಕೇಳಿ ಹೊಸಬ ಕೆಂಪಾಗಿ ತಲೆ ತಗ್ಗಿಸಿದ. ಅವನ ಕಡೆ ಅದನ್ನು ಹೆಂಗಸರ ಮುಂದೆ ಆಡುವುದಿಲ್ಲವಂತೆ. ಇನ್ನೊಂದು ಪೈಲ್ವಾನನ ಅಜ್ಜಿಯ ಹೆಸರು. ಮತ್ತೊಂದಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಗಾಜು ಹೊತ್ತಾಗ ನಗುವಿಗಿಂತ ದೊಡ್ಡ ಶತ್ರು ಇಲ್ಲ.

"ಇದೇನು ಗಾಜಿನ ಅಂಗಡಿಯೋ, ಪಾಠಶಾಲೆಯೋ?" ಎಂದ ಮಾವ.

ಬೇಕರಿಯ ಮುಂದೆ ಲಾರಿ ನಿಂತಿತು. ಗಾಜನ್ನು ನೆಟ್ಟಗೆ ನಿಲ್ಲಿಸಿ, ಎರಡೂ ಬದಿಗೆ ಗಾಳಿ ಹೀರಿ ಅಂಟಿಕೊಳ್ಳುವ ರಬ್ಬರ್ ಹಿಡಿಗಳನ್ನು ಒತ್ತಿ ಕಚ್ಚಿಸಿದರು. ಪಕ್ಕಕ್ಕೆ ಇಬ್ಬಿಬ್ಬರು ನಿಂತರು. ಅವಳು ಹಿಂದಕ್ಕೆ ಹೋಗಲಿಲ್ಲ. ಮುಂದಿನ ಅಂಚಿಗೆ ಬಂದು, ಬೇಕರಿಗೆ ಬೆನ್ನು ಮಾಡಿ, ನಾಲ್ವರ ಮುಖ ನೋಡುತ್ತಾ ಗಾಜು ಹಿಡಿದಳು.

"ಏನೇ ಇದು? ಬೆನ್ನಲ್ಲಿ ಕಣ್ಣಿದೆಯಾ ನಿನಗೆ? ಹಿಂದೆ ಮೆಟ್ಟಿಲಿದೆ!"

"ಮೆಟ್ಟಿಲು ಇವರಿಗೆ ಕಾಣುತ್ತೆ ಮಾವ. ನಾನು ಇವರಿಗೆ ಕಾಣಬೇಕು. ಈಗ ಯಾರೂ ಮಾತಾಡಬೇಡಿ."

ಎದೆ ತುಂಬ ಉಸಿರೆಳೆದು ಗದ್ದ ಎತ್ತಿದಳು. ನಾಲ್ಕು ಎದೆಗಳು ಅವಳ ಜೊತೆಗೇ ಉಬ್ಬಿದವು. ಗಾಜು ನೆಲ ಬಿಟ್ಟಿತು.

ಒಂದು ಹೆಜ್ಜೆ. ಅವಳು ಕಣ್ಣರೆಪ್ಪೆ ಇಳಿಸಿದಾಗ ಮತ್ತೊಂದು. ಬೀದಿಯೇ ಬಾಯಿ ಮುಚ್ಚಿಕೊಂಡಿತು. ಸೈಕಲ್ಲಿನವನು ಕಾಲೂರಿ ನಿಂತ. ಹಿಮ್ಮಡಿಗೆ ಏನು ಸಿಗುತ್ತದೋ ಎಂದು ಅವಳು ಪಾದ ಜಾರಿಸುತ್ತಾ ನೆಲ ತಡವಿದಳು. ಅಷ್ಟರಲ್ಲಿ ಉದ್ದಣ್ಣನ ಕಣ್ಣು ನೆಲದತ್ತ ಜಾರಿತು. ಅವಳು ಪಾದ ಎತ್ತಿದಳು, ಮೆಟ್ಟಿಲು ಸಿಕ್ಕಿತು. ಎರಡನೆಯದಕ್ಕೆ ಹೊಸಬ ಹುಬ್ಬು ಹಾರಿಸಿದ. ಗಾಜು ಪೈಲ್ವಾನನ ಕಡೆ ಒಂದು ಎಳೆಯಷ್ಟು ವಾಲಿತು. ಅವಳು ಉಸಿರು ಹಿಡಿದಳು, ಎಲ್ಲರೂ ಹಿಡಿದರು. ವಾಲಿದ್ದು ನಿಧಾನಕ್ಕೆ ನೆಟ್ಟಗಾಯಿತು.

ಬದಿಗೆ ಸರಿದರು. ಕೆಳಗಿನ ಅಂಚು ಚೌಕಟ್ಟಿನ ತೋಡಿಗೆ ಇಳಿಯಿತು, ಮೇಲಿನದು ಕೂತಿತು. ಗಿಡ್ಡಣ್ಣ ಪಟ್ಟಿ ಜಡಿದ. ಅವಳು ಕೊನೆಗೆ ಕೈ ಬಿಟ್ಟಳು.

ಗಾಜು ನಿಂತಿತ್ತು. ಒಳಗೆ ಬೇಕರಿಯ ಯಜಮಾನಿ ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿದಳು. ಪುಡಿ ಹಾರುವುದು ಕಂಡಿತೇ ಹೊರತು ಸದ್ದು ಹೊರಗೆ ಬರಲಿಲ್ಲ. ಹೊರಗೆ ನಾಲ್ವರೂ ನಾಲ್ಕು ಭಾಷೆಯಲ್ಲಿ ಕಿರುಚಿ ಅವಳನ್ನು ಅನಾಮತ್ತಾಗಿ ಎತ್ತಿಬಿಟ್ಟರು.

"ಇಳಿಸ್ರೋ, ಬೀಳಿಸ್ತೀರಾ!"

"ಗಾಜನ್ನೇ ಬೀಳಿಸಲಿಲ್ಲ ಅಕ್ಕ!"

ಮಾವ ಗಾಜಿನ ನಾಲ್ಕೂ ಮೂಲೆ ಬೆರಳಿನಿಂದ ಬಡಿದು ನೋಡಿದ. ಹೊಗಳುವ ಅಭ್ಯಾಸ ಅವನಿಗೆ ಹುಟ್ಟಿನಿಂದಲೇ ಇಲ್ಲ. ಲಾರಿಯ ಹಿಂದೆ ಹೋಗಿ, ಸೊಂಟ ಒತ್ತಿಕೊಂಡು, ಆಳುಗಳ ನಡುವೆ ಹತ್ತಿ ಕೂತ.

"ಮಾವ, ನಿನ್ನ ಸೀಟು ಮುಂದಿದೆಯಲ್ಲ!"

"ಅಲ್ಲಿ ಯಜಮಾನರು ಕೂರೋದು," ಎಂದ ಅವನು. "ಹತ್ತು ಬೇಗ. ನಾಳೆಯ ಗಾಜು ಇನ್ನೂ ಕತ್ತರಿಸಿಲ್ಲ."