ಒಂದೇ ಕೆಂಪು

ಹತ್ತು ವರ್ಷದಿಂದ ಆ ದೇಶ ಅವಳ ತಲೆಯೊಳಗೆ ಬಿಡಾರ ಹೂಡಿತ್ತು. ಅಲ್ಲಿಯ ಕೆಂಪು ಶಾಲುಗಳನ್ನು ತರಿಸಿ ತನ್ನ ಊರಿನ ಅಂಗಡಿಯಲ್ಲಿ ಮಾರುತ್ತಿದ್ದಳು. ಪ್ರತಿ ಶಾಲಿಗೂ ತಾನೇ ಬರೆದ ಚೀಟಿ ಕಟ್ಟುತ್ತಿದ್ದಳು: ‘ಕಾಡಿನ ಬೇರು, ನದಿಯ ನೀರು, ಅವಸರವಿಲ್ಲದ ಕೈಗಳು.’ ಗಿರಾಕಿಗಳು ಅದನ್ನೋದಿ ಕರಗಿ ನೀರಾಗುತ್ತಿದ್ದರು. ಬರೆದವಳು ಅವರಿಗಿಂತ ಮೊದಲೇ ಕರಗಿದ್ದಳು. ಅವಸರವಿಲ್ಲದ ಕೈಗಳನ್ನು ಅವಳು ಕಂಡದ್ದಾದರೂ ಎಲ್ಲಿ? ಕನಸಿನಲ್ಲಿ. ದುಡಿಯುವವರ ಕೈ ಹೇಗಿರುತ್ತದೆಂದು ದೂರ ಕೂತವರಿಗೆ ಕನಸೇ ಬೀಳಬೇಕು.

ಕೊನೆಗೂ ಬಂದಿಳಿದಳು. ಎರಡು ವಿಮಾನ, ಒಂದು ರೈಲು, ಆಮೇಲೆ ಸೊಂಟ ಮುರಿಯುವ ಬಸ್ಸು. ಪತ್ರ ಬರೆದೂ ಬರೆದೂ ಆ ಜನರ ಮಾತು ಕಲಿತಿದ್ದಳು. ಆ ಶಾಲುಗಳಿಗೆ ಬಣ್ಣ ಕಟ್ಟುವ ಬಣ್ಣಗಾರನ ಮನೆಯವರು ಅವಳಿಗೆ ಮೊದಲಿನಿಂದಲೂ ಇಟ್ಟಿದ್ದ ಹೆಸರು ಅಂಗಡಿಯಮ್ಮ.

ಅವರ ಮನೆಯ ಮುಂದಿನ ಅಂಗಳದಲ್ಲಿ ಎಲ್ಲವೂ ಅವಳ ಚೀಟಿಯಲ್ಲಿದ್ದಂತೆಯೇ ಇತ್ತು. ಮಣ್ಣಿನ ಮಡಕೆ, ಸೌದೆ ಒಲೆ, ಕುದಿಯುವ ಬೇರು. ಬಣ್ಣಗಾರನ ತಾಯಿ ಮಣೆಯ ಮೇಲೆ ಕೂತು ಮರದ ಕೋಲಿನಿಂದ ನಿಧಾನವಾಗಿ ತಿರುವುತ್ತಿದ್ದಳು. ಅಂಗಡಿಯಮ್ಮನ ಕಣ್ಣು ತುಂಬಿ ಬಂತು. ಬಾಗಿ ಮಡಕೆಯ ಹಬೆಯನ್ನು ಎದೆ ತುಂಬ ಎಳೆದುಕೊಂಡಳು.

“ಅಷ್ಟು ಬಗ್ಗಬೇಡಿ ತಾಯಿ, ಮೂಗು ಕೆಂಪಾದ್ರೆ ಬೇಗ ಹೋಗಲ್ಲ,” ಎಂದಳು ಮುದುಕಿ.

“ಅಮ್ಮಾ, ಸುಮ್ನಿರು,” ಎಂದ ಬಣ್ಣಗಾರ. ಬೆಳಗಿನಿಂದ ನಕ್ಕು ನಕ್ಕು ಅವನ ದವಡೆ ನೋಯುತ್ತಿತ್ತೇನೋ.

“ಎಷ್ಟು ಹೊತ್ತು ಕುದಿಸ್ತೀರಿ, ಅಜ್ಜಿ?”

“ನೀವು ಹೊರಡೋವರೆಗೂ.”

ಬಣ್ಣಗಾರನಿಗೆ ಕೆಮ್ಮು ಬಂತು. ಅಂಗಡಿಯಮ್ಮ ತಮಾಷೆ ಎಂದುಕೊಂಡು ನಕ್ಕಳು. ನಗುತ್ತಿರುವಾಗಲೇ ಗೋಡೆಯ ಬುಡದ ಚರಂಡಿ ಕಣ್ಣಿಗೆ ಬಿತ್ತು. ಹಿತ್ತಲಿನಿಂದ ದಟ್ಟ ಕೆಂಪು ನೀರು ಹರಿದು ಬರುತ್ತಿತ್ತು. ಮಡಕೆಯಲ್ಲಿದ್ದದ್ದು ಮಾಸಲು ಕೆಂಪು. ಚರಂಡಿಯದು ಅವಳ ಅಂಗಡಿಯ ಕೆಂಪು, ನಿದ್ದೆಗಣ್ಣಲ್ಲೂ ಗುರುತು ಹಿಡಿಯುತ್ತಿದ್ದಳು. “ಆ ಕಡೆ ಗಲೀಜು, ಬೇಡ,” ಎಂದು ಬಣ್ಣಗಾರ ಅಡ್ಡ ಬರುವಷ್ಟರಲ್ಲಿ ಹಿಂಬಾಗಿಲು ನೂಕಿದ್ದಳು.

ಮೊದಲು ಘಾಟು ಮೂಗಿಗೆ ಬಡಿಯಿತು. ಆಮೇಲೆ ಕಣ್ಣು ಉರಿಯಿತು. ತಗಡಿನ ಶೆಡ್ಡು, ಪ್ಲಾಸ್ಟಿಕ್ ಡ್ರಮ್ಮುಗಳು, ರಾಸಾಯನಿಕ ಬಣ್ಣದ ಪುಡಿಯ ಚೀಲಗಳು. ಬಣ್ಣಗಾರನ ಹೆಂಡತಿ ಮೊಣಕೈವರೆಗೆ ಡ್ರಮ್ಮಿನೊಳಗೆ ಕೈಬಿಟ್ಟು ಶಾಲು ಜಾಲಾಡುತ್ತಿದ್ದಳು. ಬೆಚ್ಚಿ ಕೈ ಹೊರಗೆ ತೆಗೆದಳು. ಬೆರಳುಗಳು ಊದಿ ಬಿರಿದಿದ್ದವು. ಬಲಗೈಯ ಮೂರು ಬೆರಳಿಗೆ ಉಗುರೇ ಇರಲಿಲ್ಲ.

ಅಂಗಡಿಯಮ್ಮನ ಬಾಯಿಂದ ಹೊರಟದ್ದು ಇದು: “ನೀವು... ನನಗೆ ಮೋಸ ಮಾಡಿದ್ರಿ!”

ನೋಡಿ, ಉಗುರಿಲ್ಲದ ಬೆರಳು ಕಣ್ಣೆದುರಿಗಿದೆ, ಮೋಸ ಹೋದದ್ದು ಇವಳಂತೆ!

ಬಣ್ಣಗಾರ ತಲೆ ತಗ್ಗಿಸಿದ. ಹೆಂಡತಿ ತಗ್ಗಿಸಲಿಲ್ಲ. ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಅಂಗೈಯಗಲದ ಬಟ್ಟೆಯ ತುಂಡನ್ನು ತೋರಿಸಿದಳು.

“ಇದನ್ನ ಯಾರು ಕಳಿಸಿದ್ದು?”

“ನಾನೇ. ಮಾದರಿಗೆ ಅಂತ.”

“ಜತೆಗೆ ಏನು ಬರೆದಿದ್ರಿ? ಪ್ರತಿ ಶಾಲೂ ಇದೇ ಕೆಂಪು ಇರಬೇಕು, ಎಳ್ಳಷ್ಟೂ ಆಚೀಚೆ ಆಗಬಾರದು ಅಂತ. ಬೇರು ಯಾರಪ್ಪನ ಮಾತು ಕೇಳುತ್ತೆ? ಮಳೆ ಜಾಸ್ತಿಯಾದ್ರೆ ಒಂದು ಕೆಂಪು, ಬಿಸಿಲು ಜಾಸ್ತಿಯಾದ್ರೆ ಇನ್ನೊಂದು. ಎರಡು ಸಲ ಗಂಟಿಗೆ ಗಂಟೇ ವಾಪಸ್ ಕಳಿಸಿದ್ರಿ. ಆಮೇಲೆ ತಾನೇ ಈ ಪುಡಿ ಮನೆಗೆ ಬಂದಿದ್ದು? ಪುಡಿ ಬಂದ ಮೇಲೆ ಒಂದಾದ್ರೂ ವಾಪಸ್ ಬಂತಾ?”

ಬಂದಿರಲಿಲ್ಲ. ‘ಈಗ ನಿಮ್ಮ ಕೈ ಪಳಗಿತು’ ಎಂದು ಮೆಚ್ಚಿ ಬರೆದಿದ್ದಳು ಕೂಡ. ಅದು ನೆನಪಾಗಿ ಅಂಗಡಿಯಮ್ಮ ಪುಡಿ ಚೀಲದ ಮೇಲೆಯೇ ಕೂತುಬಿಟ್ಟಳು.

“ಕೈಗೆ ಏನಾದ್ರೂ ಹಾಕ್ಕೊಳ್ಳಬಾರದಾ?”

“ಗವಸು ಹಾಕಿದ್ರೆ ಬಟ್ಟೆ ಹದ ಸಿಗಲ್ಲ, ಕಲೆ ಬೀಳುತ್ತೆ. ಕಲೆ ಬಿದ್ರೆ ನೀವು ಬಿಡ್ತೀರಾ? ಡಾಕ್ಟ್ರು ಹೇಳಿಬಿಟ್ಟಿದ್ದಾರೆ, ಇನ್ನೊಂದು ವರ್ಷ ಇದರಲ್ಲಿ ಕೈ ಅದ್ದಿದ್ರೆ ತುತ್ತು ಕಲಸೋಕೂ ಬರಲ್ಲ ಅಂತ.”

“ಹಾಗಾದ್ರೆ ಬೇರಿಗೇ ವಾಪಸ್ ಹೋಗಿ! ಇವತ್ತೇ!”

“ಹೋಗ್ತೀವಿ. ಅತ್ತೆಗೆ ಕೆಲಸ ಮರೆತಿಲ್ಲ, ಬೇರೂ ಸಿಗುತ್ತೆ. ಆದ್ರೆ ನೀವು ಒಂದು ಮಾತು ಬರೆದುಕೊಡಿ. ಬಣ್ಣ ಹೆಚ್ಚುಕಮ್ಮಿ ಆಯ್ತು ಅಂತ ಒಂದು ಶಾಲೂ ವಾಪಸ್ ಕಳಿಸಲ್ಲ ಅಂತ.”

“ಏ, ಸಾಕು ಸುಮ್ನಿರೇ,” ಎಂದ ಬಣ್ಣಗಾರ.

“ನಿಮ್ಮ ಕೈಯಾಗಿದ್ರೆ ಸುಮ್ನಿರ್ತಿದ್ರಾ?”

ಮುದುಕಿ ಕೋಲು ಬಿಸಾಕಿ ಬಂದು, ಕಾಗದ ಪೆನ್ನು ತಂದುಕೊಟ್ಟಳು.

ಅಂಗಡಿಯಮ್ಮ ಒಂದೇ ಉಸಿರಿಗೆ ಅರ್ಧ ಸಾಲು ಬರೆದಳು. ಅಲ್ಲಿ ಪೆನ್ನು ನಿಂತಿತು. ಕಣ್ಣ ಮುಂದೆ ಗಿರಾಕಿಗಳು ಸಾಲುಗಟ್ಟಿದರು. ಅಕ್ಕನ ಶಾಲಿಗೂ ತಂಗಿಯ ಶಾಲಿಗೂ ಹೊಂದುತ್ತಿಲ್ಲವಲ್ಲ ಎಂದು ಮೂಗು ಮುರಿಯುವವರು, ಒಗೆದಾಗ ಬಣ್ಣ ಹೋಗಿದೆ ಎಂದು ಜಗಳಕ್ಕೆ ನಿಲ್ಲುವವರು. ಪಕ್ಕದಲ್ಲೇ ಆ ಕೈಗಳಿಂದ ನೆಲಕ್ಕೆ ಹನಿ ತೊಟ್ಟಿಕ್ಕುತ್ತಿತ್ತು. ಅವಳು ನೋಡಿದಳು. ನೋಡಿಯೂ ಬರೆದಳು. ಬರೆದದ್ದು ತನ್ನ ಕೈಯೇ ಎಂದು ನಂಬಲಾರದವಳಂತೆ ಕಾಗದ ನೀಡಿದಳು.

ಬಣ್ಣಗಾರನ ಹೆಂಡತಿ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದಳು: “ಬಣ್ಣ ಬೇರೆಯಾಯಿತೆಂದು ಶಾಲುಗಳನ್ನು ಆದಷ್ಟು ಮಟ್ಟಿಗೆ ಹಿಂದಿರುಗಿಸುವುದಿಲ್ಲ.”

ಮತ್ತೊಮ್ಮೆ ಮನಸ್ಸಿನಲ್ಲೇ ಓದಿಕೊಂಡಳು.

“ಆದಷ್ಟು ಮಟ್ಟಿಗೆ ಅಂದ್ರೆ ಎಷ್ಟು, ಅಮ್ಮಾ?”

ಅಂಗಡಿಯಮ್ಮ ಪೆನ್ನಿನ ಮುಚ್ಚಳ ಹಾಕಿದಳು.

ಬಣ್ಣಗಾರನ ಹೆಂಡತಿ ಕಾಗದ ಮಡಚಿ ಅವಳ ಮಡಿಲಲ್ಲಿಟ್ಟಳು. ಮಡಚುವಾಗ ಎರಡು ಬೆರಳು ಬಾಗಲೇ ಇಲ್ಲ. ಆಮೇಲೆ, ಶಾಲು ಇನ್ನೂ ನೆನೆದರೆ ಕೆಂಪು ಕಪ್ಪಿಗೆ ತಿರುಗುತ್ತದೆಂದು, ಡ್ರಮ್ಮಿನೊಳಗೆ ಕೈಬಿಟ್ಟಳು.